ಮಕ್ಕಳ ಫಿಸಿಯೋಥೆರಪಿ: ಪದವಿಯ ಆಚೆಗಿನ ಕಲಿಕೆ

ಹುಟ್ಟಿದ ಗಳಿಗೆಯಿಂದ ಹದಿನೆಂಟು ತುಂಬುವವರೆಗಿನ ಮಕ್ಕಳ ಚಲನೆ, ಭಂಗಿ, ಉಸಿರಾಟ ಮತ್ತು ದಿನದ ಓಡಾಟವನ್ನು ನೋಡಿಕೊಳ್ಳುವ ವಿಭಾಗವೇ ಮಕ್ಕಳ ಫಿಸಿಯೋಥೆರಪಿ. ದಿನ ತುಂಬುವ ಮೊದಲೇ ಹುಟ್ಟಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಮಲಗಿರುವ ಒಂದೂವರೆ ಕಿಲೋದ ಕೂಸು, ಪಾದ ಒಳಕ್ಕೆ ತಿರುಚಿಕೊಂಡೇ ಹುಟ್ಟಿದ ಮಗು, ಹೆರಿಗೆಯ ವೇಳೆ ಭುಜದ ನರ ಜಗ್ಗಿ ಒಂದು ಕೈ ಎತ್ತಲಾಗದ ಮಗು, ಸೆರೆಬ್ರಲ್ ಪಾಲ್ಸಿ ಅಂದರೆ ಮೆದುಳಿನ ಪಾರ್ಶ್ವವಾಯು ಇರುವವರು, ಡೌನ್ ಸಿಂಡ್ರೋಮ್‌ನಿಂದ ಸ್ನಾಯು ಸಡಿಲವಾಗಿರುವವರು, ನಾಲ್ಕೈದನೇ ವಯಸ್ಸಿಗೆ ಪದೇ ಪದೇ ಬೀಳತೊಡಗುವ ಮಸ್ಕ್ಯುಲರ್ ಡಿಸ್ಟ್ರೋಫಿಯ ಹುಡುಗರು, ಎಲ್ಲರೂ ಇಲ್ಲಿಗೆ ಬರುತ್ತಾರೆ. ಕಾಯಿಲೆಗಳ ಹೆಸರು ಬೇರೆ ಬೇರೆಯಾದರೂ ಮನೆಯವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಮಗು ಯಾವಾಗ ಕೂರುತ್ತದೆ, ಯಾವಾಗ ನಡೆಯುತ್ತದೆ, ಶಾಲೆಗೆ ಹೋಗಬಹುದೇ?

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಲು ಸಾಮಾನ್ಯ ಫಿಸಿಯೋಥೆರಪಿ ಪದವಿಯ ಜ್ಞಾನ ಸಾಲುವುದಿಲ್ಲ. ಪಾರ್ಶ್ವವಾಯು ಹೊಡೆದ ಅರವತ್ತು ವರ್ಷದವರಿಗೆ ಚಿಕಿತ್ಸೆ ಕೊಡುವಾಗ, ಅವರು ಮೊದಲು ಮಾಡುತ್ತಿದ್ದ ಚಲನೆಯನ್ನು ಮರಳಿ ತರಬೇಕು. ನಡೆಯುವುದು ಹೇಗೆಂದು ಅವರ ಮೆದುಳಿಗೆ ಒಮ್ಮೆ ಗೊತ್ತಿತ್ತು. ಎಂಟು ತಿಂಗಳ ಮಗುವಿಗೆ ಅಂಥ ನೆನಪೇ ಇಲ್ಲ. ಎಂದೂ ಮಾಡಿರದ ಚಲನೆಯನ್ನು ಅದು ಮೊದಲ ಬಾರಿ ಕಲಿಯಬೇಕು, ಅದೂ ವಾರವಾರಕ್ಕೂ ಬದಲಾಗುವ ದೇಹದಲ್ಲಿ. ಮೂಳೆ ಉದ್ದವಾಗುತ್ತಿರುತ್ತದೆ, ಬಿಗಿಯಾದ ಸ್ನಾಯು ಅದರೊಂದಿಗೆ ಬೆಳೆಯಲು ಹಿಂದೆ ಬೀಳುತ್ತದೆ, ಮೆದುಳಿನಲ್ಲಿ ಹೊಸ ಜೋಡಣೆಗಳು ಆಗುತ್ತಿರುತ್ತವೆ. ಇಂಥ ದೇಹವನ್ನು ಓದುವ ಕಣ್ಣು ಮತ್ತು ಕೈ ಪುಸ್ತಕದಿಂದ ಬರುವುದಿಲ್ಲ. ನೂರಾರು ಮಕ್ಕಳನ್ನು, ಪಳಗಿದವರ ಎದುರಿನಲ್ಲಿ, ತಿಂಗಳುಗಟ್ಟಲೆ ಮುಟ್ಟಿ ನೋಡಿದ ಮೇಲೆ ಬರುತ್ತವೆ. ಪದವಿ ಮುಗಿದ ನಂತರದ ರೆಸಿಡೆನ್ಸಿ ತರಬೇತಿ ಹುಟ್ಟಿದ್ದು ಇದೇ ಕಾರಣಕ್ಕೆ.

ರೆಸಿಡೆನ್ಸಿಯ ಪದ್ಧತಿ ಮೊದಲು ಬೆಳೆದದ್ದು ವೈದ್ಯರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ಆರಂಭವಾದಾಗ, ಪದವಿ ಪಡೆದ ತರುಣ ವೈದ್ಯರು ಆಸ್ಪತ್ರೆಯಲ್ಲೇ ಇದ್ದು ಹಿರಿಯರ ಕೈಕೆಳಗೆ ಹಂತಹಂತವಾಗಿ ಹೊಣೆ ಹೊರುವ ಕ್ರಮ ರೂಪುಗೊಂಡಿತು. ಫಿಸಿಯೋಥೆರಪಿಗೆ ಅದು ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಮಕ್ಕಳ ವಿಭಾಗದ ತಜ್ಞರಿಗೆ ಮಂಡಳಿಯ ಮಾನ್ಯತೆ ಕೊಡಲು ಶುರುವಾದದ್ದು 1986ರಲ್ಲಿ. ಇಂದು ಅಲ್ಲಿ ಮೂರು ವರ್ಷದ ವೃತ್ತಿ ಪದವಿ ಮುಗಿಸಿ ಪರವಾನಗಿ ಪಡೆದವರು, ಬೇಕಿದ್ದರೆ ಸುಮಾರು ಒಂದು ವರ್ಷದ ಮಕ್ಕಳ ರೆಸಿಡೆನ್ಸಿಗೆ ಸೇರುತ್ತಾರೆ. ರೆಸಿಡೆನ್ಸಿ ಕಾರ್ಯಕ್ರಮಕ್ಕೆ ಮಾನ್ಯತೆ ಬೇಕಾದರೆ ಅದರಲ್ಲಿ ಕನಿಷ್ಠ 1,500 ಗಂಟೆ ರೋಗಿಗಳೊಂದಿಗಿನ ಕೆಲಸ ಮತ್ತು 300 ಗಂಟೆ ಪಾಠ ಇರಬೇಕು. ಆ 1,500ರಲ್ಲಿ 150 ಗಂಟೆಯಾದರೂ ಮಾರ್ಗದರ್ಶಕರು ಜೊತೆಗಿರಬೇಕು. ಮೊದಲೆರಡು ಅಂಕಿಗಳಿಗಿಂತ ಈ 150 ಗಂಟೆಗೇ ಹೆಚ್ಚಿನ ಬೆಲೆ. ರೆಸಿಡೆನ್ಸಿ ಮಾಡದೆಯೂ ತಜ್ಞತೆಯ ಪರೀಕ್ಷೆಗೆ ಕೂರಬಹುದು, ಆದರೆ ಅದಕ್ಕೆ ಮಕ್ಕಳೊಂದಿಗೆ 2,000 ಗಂಟೆ ಕೆಲಸ ಮಾಡಿದ ದಾಖಲೆ ಬೇಕು.

ಭಾರತದಲ್ಲಿ ಈ ಹೆಸರಿನ ಪ್ರತ್ಯೇಕ ಹಂತ ವ್ಯಾಪಕವಾಗಿ ಬೆಳೆದಿಲ್ಲ. ಇಲ್ಲಿ ತಜ್ಞರಾಗುವ ದಾರಿ ಎಂಪಿಟಿ, ಅಂದರೆ ಎರಡು ವರ್ಷದ ಸ್ನಾತಕೋತ್ತರ ಪದವಿ. ಅದಕ್ಕೂ ಮೊದಲು ಸ್ನಾತಕ ಪದವಿಯಾದ ಬಿಪಿಟಿ ಆಗಬೇಕು. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ರಮದಂತೆ ಅದು ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್ ಆಗಿ ನಡೆದುಬಂದಿದೆ. ಎಂಪಿಟಿಗೆ ಸೇರುವಾಗಲೇ ಮೂಳೆ-ಸ್ನಾಯು, ನರವಿಜ್ಞಾನ, ಹೃದಯ-ಶ್ವಾಸಕೋಶ, ಕ್ರೀಡೆ, ಸಮುದಾಯ, ಮಕ್ಕಳ ವಿಭಾಗ ಎಂಬ ಕವಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವೃತ್ತಿಗೆ ಕಾನೂನಿನ ಚೌಕಟ್ಟು ಸಿಕ್ಕಿದ್ದೂ ಈಚೆಗೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ವಾಕ್ ಚಿಕಿತ್ಸಕರನ್ನೂ ವಿಶೇಷ ಶಿಕ್ಷಕರನ್ನೂ ತನ್ನೊಳಗೆ ತೆಗೆದುಕೊಂಡಿತು, ಫಿಸಿಯೋಥೆರಪಿಸ್ಟರನ್ನು ಹೊರಗೇ ಬಿಟ್ಟಿತು. ಅವರಿಗೆ ರಾಷ್ಟ್ರಮಟ್ಟದ ನೋಂದಣಿ, ಪಠ್ಯಕ್ರಮದ ಸಮಾನತೆ, ರಾಜ್ಯ ಪರಿಷತ್ತು ಇವೆಲ್ಲದರ ಮಾತು ಬಂದದ್ದು 2021ರ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೊಂದಿಗೆ.

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಈ ಓದಿನ ಬಾಗಿಲು ಮಣಿಪಾಲದಲ್ಲಿದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದ ಗುಡ್ಡದ ಮೇಲೆ ಇಂದು ಮಣಿಪಾಲ್ ಕಾಲೇಜ್ ಆಫ್ ಹೆಲ್ತ್ ಪ್ರೊಫೆಷನ್ಸ್ ಇದೆ. ಸ್ಕೂಲ್ ಆಫ್ ಅಲೈಡ್ ಹೆಲ್ತ್ ಸೈನ್ಸಸ್ ಎಂಬ ಹಳೆಯ ಹೆಸರಿನಿಂದಲೇ ಅದನ್ನು ಗುರುತಿಸುವವರು ಈಗಲೂ ಇದ್ದಾರೆ. ಮಕ್ಕಳ ವಿಭಾಗದಲ್ಲಿ ಎಂಪಿಟಿ ಮಾಡುವವರಿಗೆ ಅಲ್ಲಿನ ದೊಡ್ಡ ಅನುಕೂಲವೆಂದರೆ ಪಕ್ಕದಲ್ಲೇ ಇರುವ ಕಸ್ತೂರ್ಬಾ ಆಸ್ಪತ್ರೆ. ನವಜಾತ ಶಿಶು ವಿಭಾಗ, ಮಕ್ಕಳ ಶಸ್ತ್ರಚಿಕಿತ್ಸೆ, ಮೂಳೆ ವಿಭಾಗ, ನರರೋಗ ವಿಭಾಗ ಎಲ್ಲವೂ ಒಂದೇ ಆವರಣದಲ್ಲಿ ಸಿಗುತ್ತವೆ. ಮಂಗಳೂರು, ಮೂಡುಬಿದಿರೆ ಕಡೆಯ ಕಾಲೇಜುಗಳೂ ಸೇರಿದರೆ ಫಿಸಿಯೋಥೆರಪಿ ಶಿಕ್ಷಣಕ್ಕೆ ಕರಾವಳಿಯಷ್ಟು ದಟ್ಟವಾದ ಪ್ರದೇಶ ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಕಡಿಮೆ. ಹಾಗಿದ್ದರೂ ಕೊಲ್ಲೂರು ಕಡೆಯ ಒಂದು ಹಳ್ಳಿಯ ಮಗುವಿಗೆ ವಾರಕ್ಕೆರಡು ಬಾರಿ ತಜ್ಞರ ಕೈ ಸಿಗುವುದು ಕಷ್ಟವೇ.

ಎಂಪಿಟಿಗೂ ರೆಸಿಡೆನ್ಸಿಗೂ ವ್ಯತ್ಯಾಸವಿದೆ. ಎಂಪಿಟಿ ವಿಶ್ವವಿದ್ಯಾಲಯದ ಪದವಿ. ಅದರಲ್ಲಿ ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಬೋಧನಾ ಕ್ರಮ, ಸೆಮಿನಾರ್ ಮತ್ತು ಪ್ರಬಂಧ ಇರುತ್ತವೆ. ಎರಡು ವರ್ಷದಲ್ಲಿ ಗಣನೀಯ ಭಾಗ ಪ್ರಬಂಧದ ಸಿನಾಪ್ಸಿಸ್, ಮಾಹಿತಿ ಸಂಗ್ರಹ, ಬರವಣಿಗೆಗೇ ಹೋಗುತ್ತದೆ. ರೆಸಿಡೆನ್ಸಿಯಲ್ಲಿ ಮೊದಲ ಸ್ಥಾನ ಚಿಕಿತ್ಸೆಗೆ. ರೆಸಿಡೆಂಟ್ ತಾವು ನೋಡುವ ಮಕ್ಕಳ ಪಟ್ಟಿ ಹೊಂದಿರುತ್ತಾರೆ, ಆ ಮಕ್ಕಳ ಹೊಣೆ ಹೊರುತ್ತಾರೆ, ವಾರಕ್ಕೆ ನಿಗದಿಯಾದಷ್ಟು ಹೊತ್ತು ಮಾರ್ಗದರ್ಶಕರು ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಸಂಶೋಧನೆ ಬೇಡವೆಂದಲ್ಲ, ಅದಿಲ್ಲದೆ ಯಾವ ಚಿಕಿತ್ಸೆಯೂ ಸುಧಾರಿಸುವುದಿಲ್ಲ. ಆದರೆ ಒಳ್ಳೆಯ ಪ್ರಬಂಧ ಬರೆದವರೆಲ್ಲರ ಕೈಯೂ ಪಳಗಿರುತ್ತದೆ ಎಂದು ಭಾವಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಪದವಿ ಪಡೆದ ಮರುದಿನವೇ ತಾಲೂಕು ಕೇಂದ್ರದ ಒಂದು ಕೋಣೆಯಲ್ಲಿ ಒಬ್ಬರೇ ಕೂರುವ ಫಿಸಿಯೋಥೆರಪಿಸ್ಟಿಗೆ, ಅನುಮಾನ ಬಂದಾಗ ಕೇಳಲು ಯಾರೂ ಇರುವುದಿಲ್ಲ.

ತರಬೇತಿಯ ಮೊದಲ ಪಾಠ ಎನ್‌ಐಸಿಯುನಲ್ಲಿ. ಇಲ್ಲಿ ಕಲಿಯುವುದರಲ್ಲಿ ಅರ್ಧ ಭಾಗ ಏನು ಮಾಡಬಾರದು ಎಂಬುದು. ಮುಟ್ಟಿದರೆ ಆಮ್ಲಜನಕದ ಮಟ್ಟ ಇಳಿಯುವಷ್ಟು ಸೂಕ್ಷ್ಮವಾದ ಕೂಸುಗಳವು. ಗರ್ಭದಲ್ಲಿ ಕೈಕಾಲು ಮಡಚಿಕೊಂಡು ಇರಬೇಕಾದ ವಾರಗಳಲ್ಲಿ ಅವು ಹಾಸಿಗೆಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತವೆ. ಸುರುಳಿ ಸುತ್ತಿದ ಬಟ್ಟೆಯಿಂದ ಗೂಡು ಮಾಡಿ, ಕೈಗಳು ಬಾಯಿಯ ಹತ್ತಿರ ಬರುವಂತೆ, ಕಾಲುಗಳು ಮಡಚಿರುವಂತೆ ಮಲಗಿಸುವುದೇ ಅಲ್ಲಿನ ಮುಖ್ಯ ಚಿಕಿತ್ಸೆ. ತಾಯಿಯ ಎದೆಗೆ ಕೂಸನ್ನು ಅಂಟಿಸಿ ಇಡುವ ಕಾಂಗರೂ ಆರೈಕೆಗೆ ನೆರವಾಗುವುದು ಇನ್ನೊಂದು ಕೆಲಸ.

ಮನೆಗೆ ಹೋದ ಮೇಲೆ ಲೆಕ್ಕ ಇಡುವುದರಲ್ಲಿ ಒಂದು ತೊಡಕು ಬರುತ್ತದೆ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಆರು ತಿಂಗಳಾದಾಗ, ಬೆಳವಣಿಗೆಯ ದೃಷ್ಟಿಯಿಂದ ಅದು ನಾಲ್ಕು ತಿಂಗಳ ಕೂಸು. ಈ ತಿದ್ದಿದ ವಯಸ್ಸನ್ನು ಹಿಡಿಯದಿದ್ದರೆ ಸರಿಯಾಗಿರುವ ಮಗುವನ್ನು ಹಿಂದುಳಿದದ್ದೆಂದು ಹೆದರಿಸುತ್ತೇವೆ. ಅದೇ ನೆಪದಲ್ಲಿ ನಿಜವಾಗಿ ತೊಂದರೆ ಇರುವ ಮಗುವನ್ನು ಕಾದು ನೋಡೋಣ ಎಂದು ಕಳಿಸುವ ಅಪಾಯವೂ ಇದೆ. ಊರಿನಲ್ಲಿ ಈ ಕಾಯುವಿಕೆಗೆ ಸಮಾಧಾನಗಳು ಬೇಕಾದಷ್ಟು ಸಿಗುತ್ತವೆ. ಅಪ್ಪನೂ ಎರಡು ವರ್ಷಕ್ಕೇ ನಡೆದದ್ದು, ಗಂಡುಮಕ್ಕಳು ಸ್ವಲ್ಪ ನಿಧಾನ, ದಪ್ಪಗಿದೆ ಅದಕ್ಕೇ ಏಳುವುದಿಲ್ಲ. ಪ್ರೀತಿಯಿಂದ ಹೇಳುವ ಮಾತುಗಳೇ ಇವು, ಆದರೆ ಕಳೆದುಹೋಗುವ ಕಾಲ ಮಗುವಿನದು.

ಹೈಂಜ್ ಪ್ರೆಚ್ಟ್ಲ್ ಎಂಬ ವೈದ್ಯ ವಿಜ್ಞಾನಿ ಬೆಳೆಸಿದ ಒಂದು ವಿಧಾನ ಈ ಕಾಯುವಿಕೆಯನ್ನು ಬಹಳಷ್ಟು ಕಡಿಮೆ ಮಾಡಿದೆ. ದಿನ ತುಂಬಿದ ಲೆಕ್ಕದಲ್ಲಿ ಸುಮಾರು ಮೂರರಿಂದ ಐದು ತಿಂಗಳ ಕೂಸು ಎಚ್ಚರವಾಗಿ, ಅಳದೆ, ಅಂಗಾತ ಮಲಗಿರುವಾಗ ಅದರ ಕುತ್ತಿಗೆ, ಸೊಂಟ, ಮಣಿಕಟ್ಟು, ಪಾದಗಳಲ್ಲಿ ಸಣ್ಣ ಸಣ್ಣ ಚಲನೆಗಳು ನಿರಂತರ ಓಡುತ್ತಿರುತ್ತವೆ. ಅವು ಕಾಣದಿದ್ದರೆ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ಹೆಚ್ಚು. ಇದಕ್ಕೆ ಯಂತ್ರ ಬೇಕಿಲ್ಲ, ಮೊಬೈಲಿನಲ್ಲಿ ತೆಗೆದ ಕೆಲವು ನಿಮಿಷಗಳ ವಿಡಿಯೊ ಸಾಕು. ಅದನ್ನು ನೋಡಿ ತೀರ್ಪು ಕೊಡಲು ಮಾತ್ರ ತರಬೇತಿಯಾದ ಕಣ್ಣು ಬೇಕು. ಹೆಚ್ಚಿನ ಅಪಾಯದ ಕೂಸುಗಳಲ್ಲಿ ಸೆರೆಬ್ರಲ್ ಪಾಲ್ಸಿಯನ್ನು ತಿದ್ದಿದ ವಯಸ್ಸಿನ ಆರು ತಿಂಗಳೊಳಗೇ ಗುರುತಿಸಬಹುದು ಎಂದು 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರ ತಂಡ ಹೇಳಿತು. ಅದಕ್ಕೂ ಮೊದಲು ಒಂದರಿಂದ ಎರಡು ವರ್ಷದವರೆಗೆ ಕಾಯುವುದೇ ರೂಢಿಯಾಗಿತ್ತು. ಬೈಂದೂರು ತಾಲೂಕಿನ ಶಿರೂರಿನ ಒಂದು ಮನೆಯಲ್ಲಿ ತೆಗೆದ ವಿಡಿಯೊವನ್ನು ಮಣಿಪಾಲದಲ್ಲಿ ಕುಳಿತವರು ನೋಡಬಹುದು ಎಂಬುದು, 70 ಕಿಲೋಮೀಟರಿಗೂ ಹೆಚ್ಚು ದೂರ ಹಸುಗೂಸನ್ನು ಬಸ್ಸಿನಲ್ಲಿ ಹೊತ್ತು ತರುವ ಬಾಣಂತಿಗೆ ದೊಡ್ಡ ಮಾತು.

ಕೈ ಪಳಗುವುದು ಎಂದರೇನು ಎಂಬುದನ್ನು ಒಂದು ಪಾದದ ಪರೀಕ್ಷೆಯಿಂದ ನೋಡಬಹುದು. ಐದು ವರ್ಷದ ಮಗು ತುದಿಗಾಲಲ್ಲಿ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ಹೊಸಬರಿಗೆ ಕಾಣುವುದು ಬಿಗಿಯಾದ ಹಿಮ್ಮಡಿ, ಹೊಳೆಯುವುದು ಎಳೆಯುವ ವ್ಯಾಯಾಮ. ಮಾರ್ಗದರ್ಶಕರು ಅಲ್ಲೇ ತಡೆಯುತ್ತಾರೆ. ಮಗುವನ್ನು ಮಲಗಿಸಿ ಮಂಡಿ ನೇರವಿಟ್ಟು ಪಾದವನ್ನು ಮೇಲಕ್ಕೆ ಬಾಗಿಸಬೇಕು, ಮೊದಲು ಬಹಳ ನಿಧಾನವಾಗಿ. ಎಲ್ಲಿಗೆ ನಿಂತಿತು ಎಂದು ಗೋನಿಯೋಮೀಟರ್ ಇಟ್ಟು ಕೋನ ಬರೆದುಕೊಳ್ಳಬೇಕು. ಆಮೇಲೆ ಅದೇ ಪಾದವನ್ನು ವೇಗವಾಗಿ ಬಾಗಿಸಬೇಕು. ಈ ಸಲ ನಡುದಾರಿಯಲ್ಲೇ ಏನೋ ಹಿಡಿದು ನಿಲ್ಲಿಸಿದಂತಾಗುತ್ತದೆ. ಆ ಕೋನವನ್ನೂ ಬರೆದುಕೊಳ್ಳಬೇಕು. ಎರಡು ಕೋನಗಳ ನಡುವೆ ಅಂತರ ಹೆಚ್ಚಿದ್ದರೆ ಮೆದುಳಿನಿಂದ ಬರುವ ಬಿಗಿತವೇ ಮುಖ್ಯ ಕಾರಣ, ಬೊಟುಲಿನಮ್ ಚುಚ್ಚುಮದ್ದಿನಂಥ ಉಪಾಯ ಕೆಲಸ ಮಾಡಬಹುದು. ಅಂತರ ಇಲ್ಲವೇ ಇಲ್ಲವೆಂದರೆ ಸ್ನಾಯುವೇ ಗಿಡ್ಡವಾಗಿದೆ, ಅದಕ್ಕೆ ಪ್ಲಾಸ್ಟರ್ ಅಥವಾ ಸ್ಪ್ಲಿಂಟ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕು. ಟಾರ್ಡ್ಯು ಎಂಬ ಫ್ರೆಂಚ್ ವೈದ್ಯರ ಹೆಸರಿನ ಪರೀಕ್ಷೆ ಇದು. ಇಷ್ಟಕ್ಕೇ ಮುಗಿಯುವುದಿಲ್ಲ. ಮಂಡಿ ಮಡಚಿ ಮತ್ತೆ ಬಾಗಿಸಿ ನೋಡಬೇಕು. ಆಗ ಪಾದ ಸಲೀಸಾಗಿ ಮೇಲೆ ಬಂದರೆ ತೊಂದರೆ ಮೀನಖಂಡದ ಮೇಲಿನ ಸ್ನಾಯುವಿನದು, ಬಾರದಿದ್ದರೆ ಒಳಗಿನ ಸ್ನಾಯುವೂ ಸೇರಿದೆ. ನಾಲ್ಕು ನಿಮಿಷದ ಈ ಕೆಲಸವನ್ನು ಅಳುತ್ತಿರುವ, ಕಾಲು ಎಳೆದುಕೊಳ್ಳುತ್ತಿರುವ ಮಗುವಿನ ಮೇಲೆ ನಂಬುವ ಹಾಗೆ ಮಾಡಲು ಬರಬೇಕಾದರೆ ಎಷ್ಟೋ ಕಾಲುಗಳನ್ನು ಹಿಡಿದಿರಬೇಕು. ತಪ್ಪಾಗಿ ಹಿಡಿದಾಗ ಪಕ್ಕದಲ್ಲಿದ್ದವರು ಕೈಯ ಮೇಲೆ ಕೈ ಇಟ್ಟು ತಿದ್ದಿರಬೇಕು.

ಅದರ ನಂತರದ ಪಾಠ ಭವಿಷ್ಯ ಹೇಳುವುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದವರು ಆಸರೆಯಿಲ್ಲದೆ ನಡೆಯುತ್ತಾರೆ, ಓಡುವುದರಲ್ಲಿ ಸ್ವಲ್ಪ ಎಡವುತ್ತಾರೆ. ಮೂರನೆಯವರಿಗೆ ವಾಕರ್ ಬೇಕು. ಐದನೆಯವರಿಗೆ ತಲೆ ನಿಲ್ಲಿಸುವುದೂ ಕಷ್ಟ. ಅದೇ ಗುಂಪು ಆಂಟೇರಿಯೊ ಪ್ರಾಂತದ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಚಿಕಿತ್ಸೆಯ ಯೋಚನೆಯನ್ನೇ ಬದಲಿಸಿತು. ಮೊದಲ ಹಂತದ ಮಗು ತನ್ನ ಚಲನೆಯ ಸಾಮರ್ಥ್ಯದ ಶೇ 90ರಷ್ಟನ್ನು ಸುಮಾರು ಐದು ವರ್ಷದೊಳಗೆ ಮುಟ್ಟುತ್ತದೆ, ಐದನೆಯ ಹಂತದ ಮಗು ಮೂರು ವರ್ಷಕ್ಕೂ ಮೊದಲೇ. ತಡಮಾಡಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಐದನೆಯ ಹಂತದಲ್ಲಿರುವ ಎಂಟು ವರ್ಷದ ಮಗುವನ್ನು ಇನ್ನಾರು ತಿಂಗಳಲ್ಲಿ ನಡೆಸುತ್ತೇವೆ ಎಂದು ನಂಬಿಸಿ ದುಡ್ಡು ತೆಗೆದುಕೊಳ್ಳುವುದು ಮೋಸ. ಆ ಮಗುವಿಗೆ ಬೇಕಾದ್ದು ಸರಿಯಾಗಿ ಕೂರಿಸುವ ಕುರ್ಚಿ, ಸುಲಭವಾಗಿ ಉಣ್ಣುವ ಭಂಗಿ, ನೋವಿಲ್ಲದ ಸೊಂಟ. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರ ತೊಡೆಮೂಳೆ ಸೊಂಟದ ಕೀಲಿನಿಂದ ಮೆಲ್ಲಗೆ ಜಾರತೊಡಗುತ್ತದೆ, ಮೊದಮೊದಲು ನೋವೇ ಇರುವುದಿಲ್ಲ. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಿಂದ ಇಂಥ ಎಲ್ಲ ಮಕ್ಕಳ ಸೊಂಟದ ಎಕ್ಸ್‌ರೇಯನ್ನು ಕ್ರಮವಾಗಿ ತೆಗೆದು ನೋಡುವ ವ್ಯವಸ್ಥೆ ನಡೆದುಬಂದಿದೆ, ಅಲ್ಲಿ ಕೀಲು ಪೂರ್ತಿ ತಪ್ಪುವುದು ಅಪರೂಪವಾಗಿದೆ. ತಾಲೂಕು ಆಸ್ಪತ್ರೆಯಲ್ಲೂ ಸಿಗುವ ಎಕ್ಸ್‌ರೇ ಅದು. ಯಾವ ಮಗುವಿಗೆ ಯಾವಾಗ ತೆಗೆಸಬೇಕು ಎಂದು ಹೇಳುವವರು ಬೇಕಷ್ಟೆ.

ತಿರುಚಿದ ಪಾದದ ವಿಷಯ ಇಷ್ಟು ಜಟಿಲವಲ್ಲ. ಇಗ್ನೇಶಿಯೊ ಪೊನ್ಸೆಟಿ ರೂಪಿಸಿದ ವಿಧಾನದಲ್ಲಿ ವಾರವಾರವೂ ಪಾದವನ್ನು ಮೃದುವಾಗಿ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ, ಸಾಮಾನ್ಯವಾಗಿ ಐದಾರು ಪ್ಲಾಸ್ಟರಿಗೆ ಪಾದ ನೇರವಾಗುತ್ತದೆ, ಹೆಚ್ಚಿನವರಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ ಬೇಕಾಗುತ್ತದೆ. ಸೋಲುವುದು ಅದರ ನಂತರ. ಸರಳಿಗೆ ಜೋಡಿಸಿದ ಬೂಟುಗಳನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಹೊತ್ತು ಹಾಕಬೇಕು. ಮಗು ಅಳುತ್ತದೆಂದು ಬಿಚ್ಚಿಟ್ಟ ಮನೆಗಳಲ್ಲಿ ಪಾದ ಮತ್ತೆ ತಿರುಗುತ್ತದೆ.

ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಕಲಿಯಬೇಕಾದ್ದು ಸಂಯಮ. ಬಹುತೇಕ ಗಂಡುಮಕ್ಕಳನ್ನೇ ಕಾಡುವ ಈ ಕಾಯಿಲೆಯಲ್ಲಿ ನೆಲದಿಂದ ಏಳುವ ಹುಡುಗ ತನ್ನ ತೊಡೆಗಳ ಮೇಲೆ ಕೈಯೂರಿ ತನ್ನ ಮೈಯನ್ನೇ ಹತ್ತಿಕೊಂಡು ನಿಲ್ಲುತ್ತಾನೆ. ಮೀನಖಂಡ ದಪ್ಪಗೆ ಕಾಣುವುದರಿಂದ ಮನೆಯವರು ಬಲ ಇದೆ ಎಂದುಕೊಳ್ಳುತ್ತಾರೆ. ಇಂಥವನಿಗೆ ಭಾರ ಎತ್ತಿಸಿ, ಮೆಟ್ಟಿಲು ಹತ್ತಿಳಿಸಿ ಬಲ ಬರಿಸಲು ಹೋದರೆ ಇರುವ ಸ್ನಾಯುವೂ ಬೇಗ ಹಾಳಾಗುತ್ತದೆ. ಸುಸ್ತಾಗದ ಮಟ್ಟದ ಓಡಾಟ, ನೀರಿನಲ್ಲಿ ಚಲನೆ, ರಾತ್ರಿಯ ಸ್ಪ್ಲಿಂಟ್, ಉಸಿರಾಟದ ಅಳತೆ, ಬೇಕಾಗುವ ಮುಂಚೆಯೇ ಗಾಲಿಕುರ್ಚಿಯ ಮಾತು ಎತ್ತುವುದು, ಇವು ಸರಿಯಾದ ಕ್ರಮ. ಆ ಮಾತನ್ನು ತಂದೆತಾಯಿಗೆ ಹೇಗೆ ಹೇಳುವುದು ಎಂಬುದನ್ನೂ ರೆಸಿಡೆಂಟ್ ಹಿರಿಯರ ಜೊತೆ ಕುಳಿತೇ ಕಲಿಯಬೇಕು.

ಆಸ್ಪತ್ರೆಯ ಒಳಗೆ ಕಲಿಯುವುದು ಇಷ್ಟಾದರೆ, ಹೊರಗೆ ಕಲಿಯುವುದು ಅದಕ್ಕಿಂತ ಕಡಿಮೆಯದಲ್ಲ. ಥೆರಪಿ ಕೋಣೆಯಲ್ಲಿ ಮಗು ವಾರಕ್ಕೆ ಒಂದೆರಡು ಗಂಟೆ ಇರುತ್ತದೆ, ಉಳಿದ ಹೊತ್ತು ಮನೆಯಲ್ಲಿ. ಆ ಉಳಿದ ಹೊತ್ತಿನಲ್ಲಿ ಏನಾಗುತ್ತದೆ ಎಂಬುದರ ಮೇಲೆಯೇ ಫಲ ನಿಂತಿದೆ. ಕುಂದಾಪುರ ಕಡೆಯ ಮನೆಗಳಲ್ಲಿ ಕೂಸನ್ನು ಮೀಯಿಸುವ ಕ್ರಮವನ್ನೇ ನೋಡಿ. ಪಳಗಿದ ಹೆಂಗಸೊಬ್ಬಳು ನೆಲದ ಮೇಲೆ ಕಾಲು ಚಾಚಿ ಕೂರುತ್ತಾಳೆ, ಕೂಸನ್ನು ಕಾಲಿನ ಮೇಲೆ ಅಂಗಾತ, ಆಮೇಲೆ ಕವುಚಿ ಮಲಗಿಸಿ ತೆಂಗಿನೆಣ್ಣೆ ತಿಕ್ಕುತ್ತಾಳೆ. ಕವುಚಿ ಮಲಗಿದ ಕೂಸು ತಲೆ ಎತ್ತಲು ಪ್ರಯತ್ನಿಸುತ್ತದೆ. ಕುತ್ತಿಗೆ ನಿಲ್ಲಲು ಫಿಸಿಯೋಥೆರಪಿಸ್ಟ್ ಮ್ಯಾಟಿನ ಮೇಲೆ ಮಾಡಿಸುವುದೂ ಅದನ್ನೇ. ಮೈ ಬಿಗಿಯಿರುವ ಕೂಸಿಗೆ ಜೋರಾಗಿ ಕೈಕಾಲು ಎಳೆದು ತಿಕ್ಕುವುದನ್ನು ಬಿಡಿಸಿ, ನಿಧಾನವಾದ ಒತ್ತು ಹೇಳಿಕೊಟ್ಟರೆ ದಿನವೂ ನಡೆಯುವ ಮೀಹವೇ ಚಿಕಿತ್ಸೆಯಾಗುತ್ತದೆ. ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವ ನಮ್ಮ ರೂಢಿಯೂ ಕಾಲು ಕತ್ತರಿಯಂತೆ ಸೇರುವ ಮಕ್ಕಳಿಗೆ ಒಳ್ಳೆಯದು. ಅಜ್ಜಿಗೆ ಗೊತ್ತಿರುವುದನ್ನು ಗೌರವದಿಂದ ಕೇಳಿಸಿಕೊಂಡು, ತಿದ್ದಬೇಕಾದ್ದನ್ನಷ್ಟೇ ತಿದ್ದುವವರ ಮಾತನ್ನು ಮನೆ ಕೇಳುತ್ತದೆ.

ಊರಿನ ನೆಲವನ್ನೂ ನೋಡಬೇಕು. ಹಳೆಯ ಮನೆಗಳಿಗೆ ಎತ್ತರದ ಹೊಸಿಲು, ಜಗಲಿಗೆ ಕೆಂಪುಕಲ್ಲಿನ ಮೆಟ್ಟಿಲು, ಅಂಗಳದಿಂದ ರಸ್ತೆಗೆ ಗದ್ದೆಯ ಅಂಚು. ಬೈಂದೂರು ಮತ್ತು ಕುಂದಾಪುರದ ಒಳನಾಡಿನಲ್ಲಿ ತೋಡು ದಾಟಲು ಇಂದಿಗೂ ಅಡಿಕೆ ಮರ ಹಾಸಿದ ಕಾಲುಸಂಕಗಳಿವೆ. ಮಳೆಗಾಲದಲ್ಲಿ ಗಟ್ಟಿ ಕಾಲಿನ ಮಕ್ಕಳಿಗೇ ಅವು ಅಪಾಯ. ಆಸ್ಪತ್ರೆಯ ನುಣುಪು ನೆಲದ ಮೇಲೆ ವಾಕರ್ ಹಿಡಿದು ನಡೆಯಲು ಕಲಿತ ಹುಡುಗಿ ಜೂನ್ ತಿಂಗಳಲ್ಲಿ ಶಾಲೆ ತಲುಪುವುದು ಹೇಗೆ? ಇದಕ್ಕೆ ಉತ್ತರ ಹುಡುಕುವುದೂ ಚಿಕಿತ್ಸೆಯ ಭಾಗವೇ. ಕೆಲವೊಮ್ಮೆ ಉತ್ತರ ಪಂಚಾಯಿತಿಗೆ ಬರೆಯುವ ಒಂದು ಅರ್ಜಿ. ಕೆಲವೊಮ್ಮೆ ಊರಿನ ಆಚಾರಿಯ ಕೈಯಲ್ಲಿ ಪ್ಲೈವುಡ್ಡಿನ ಮೂಲೆಕುರ್ಚಿ, ನಿಲ್ಲುವ ಚೌಕಟ್ಟು ಮಾಡಿಸುವುದು, ಅಂಗಳದಲ್ಲಿ ಅಡಿಕೆ ದಬ್ಬೆಯ ಎರಡು ಕಂಬಿ ನೆಟ್ಟು ನಡೆಯುವ ಅಭ್ಯಾಸ ಮಾಡಿಸುವುದು. ಡೇವಿಡ್ ವರ್ನರ್ ಮೆಕ್ಸಿಕೊದ ಹಳ್ಳಿಗಳ ಅನುಭವದಿಂದ 1987ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಅಗ್ಗದ ಸಾಧನಗಳ ರೇಖಾಚಿತ್ರಗಳಿವೆ, ಸಮುದಾಯದಲ್ಲಿ ಕೆಲಸ ಮಾಡುವವರು ಇಂದಿಗೂ ಅದನ್ನು ತೆರೆಯುತ್ತಾರೆ.

ಸರ್ಕಾರದ ಏರ್ಪಾಟುಗಳು ಕಾಗದದ ಮೇಲೆ ಚೆನ್ನಾಗಿವೆ, ಅವುಗಳ ಕೊಂಡಿ ತಿಳಿಯದ ತಜ್ಞರು ಅರ್ಧ ಕೆಲಸ ಮಾತ್ರ ಮಾಡಬಲ್ಲರು. ಆಶಾ ಕಾರ್ಯಕರ್ತೆ ಹೆರಿಗೆಯ ನಂತರದ 42 ದಿನಗಳಲ್ಲಿ ಹಲವು ಬಾರಿ ಮನೆಗೆ ಬರುತ್ತಾರೆ, ಮೊದಲ ಅನುಮಾನ ಬರಬೇಕಾದ್ದು ಅವರಿಗೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಹೋಗಿ 30 ಬಗೆಯ ತೊಂದರೆಗಳನ್ನು ನೋಡಬೇಕು. ಅಲ್ಲಿ ಸಿಕ್ಕ ಮಕ್ಕಳು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬೇಕು, ಅದರ ತಂಡದಲ್ಲಿ ಫಿಸಿಯೋಥೆರಪಿಸ್ಟರ ಹುದ್ದೆಯಿದೆ. ಶಾಲೆಯ ವಯಸ್ಸಿನವರಿಗೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಇದೆ. ಬೈಂದೂರು, ಬ್ರಹ್ಮಾವರಗಳು 2018ರ ಹೊತ್ತಿಗೆ ತಾಲೂಕುಗಳಾಗಿ ಕೆಲಸ ಶುರುಮಾಡಿದರೂ ಶಿಕ್ಷಣ ಇಲಾಖೆಗೆ ಅವು ಅದಕ್ಕೂ ಮೊದಲೇ ಪ್ರತ್ಯೇಕ ವಲಯಗಳು. ಹಾಗಾಗಿ ಕುಂದಾಪುರವೂ ಸೇರಿ ಮೂರಕ್ಕೂ ಬೇರೆ ಬೇರೆ ಬಿಆರ್‌ಸಿ ಇದೆ. ಸಮಗ್ರ ಶಿಕ್ಷಣದಡಿ ಶಾಲಾ ಸಿದ್ಧತಾ ಕೇಂದ್ರ, ಹಾಸಿಗೆ ಬಿಟ್ಟೇಳಲಾಗದವರಿಗೆ ಗೃಹಾಧಾರಿತ ಶಿಕ್ಷಣ, ಮಕ್ಕಳ ಸಾಧನಗಳಿಗೆ ಅಳತೆ ಶಿಬಿರ ನಡೆಯುವುದು ಇವುಗಳ ಮೂಲಕವೇ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ ಎಲ್ಲ ಅವರ ಕೈಯಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಸೇರಿವೆ.

ಕರಾವಳಿಯಲ್ಲಿ ರೆಸಿಡೆನ್ಸಿಯಂಥ ತರಬೇತಿ ರೂಪಿಸಬೇಕಾದರೆ ಈ ಜಾಲವೇ ಅದರ ಪಾಠಶಾಲೆಯಾಗಬೇಕು. ಎಂಪಿಟಿ ಮುಗಿಸಿದವರಿಗೆ ಒಂದು ವರ್ಷ. ಮೊದಲ ತಿಂಗಳುಗಳು ಬೋಧನಾ ಆಸ್ಪತ್ರೆಯ ಎನ್‌ಐಸಿಯು ಮತ್ತು ಹೊರರೋಗಿ ವಿಭಾಗದಲ್ಲಿ, ನಂತರ ಜಿಲ್ಲಾ ಕೇಂದ್ರದಲ್ಲಿ, ಕೊನೆಯ ಅರ್ಧ ಮೂರು ತಾಲೂಕುಗಳ ಬಿಆರ್‌ಸಿ ಮತ್ತು ಮನೆಗಳಲ್ಲಿ ಕಳೆಯಬಹುದು. ಮಾರ್ಗದರ್ಶಕರು ವಾರಕ್ಕೊಮ್ಮೆ ತಾಲೂಕಿಗೇ ಬಂದು ಜೊತೆಯಲ್ಲಿ ಮಕ್ಕಳನ್ನು ನೋಡಬೇಕು. ನಡುವಿನ ದಿನಗಳಿಗೆ ವಿಡಿಯೊ ಸಾಕು. ಲಾಗ್‌ಬುಕ್ಕಿನಲ್ಲಿ ಎಷ್ಟು ಮಕ್ಕಳನ್ನು ನೋಡಿದರು ಎಂಬ ಎಣಿಕೆಯ ಜೊತೆಗೆ, ಒಂದೇ ಮಗುವನ್ನು ಆರು ತಿಂಗಳು ಹಿಂಬಾಲಿಸಿದ ದಾಖಲೆಯೂ ಇರಬೇಕು. ಮುಕ್ತಾಯದ ಪರೀಕ್ಷೆಯನ್ನು ಮಾತಿನ ಪ್ರಶ್ನೋತ್ತರಕ್ಕೆ ಬಿಡದೆ, ಹೊಸ ಮಗುವೊಂದನ್ನು ಪರೀಕ್ಷಿಸಿ ಅದರ ತಾಯಿಗೆ ವಿಷಯ ತಿಳಿಸುವುದನ್ನು ಪರೀಕ್ಷಕರು ಕುಳಿತು ನೋಡಬೇಕು.

ಭಾಷೆಯ ಪಾಠವೂ ಇದರಲ್ಲಿ ಸೇರಬೇಕು. ಮಣಿಪಾಲಕ್ಕೆ ಓದಲು ಬರುವವರಲ್ಲಿ ಹೊರರಾಜ್ಯದವರು ಬಹಳ. ಕುಂದಾಪುರದ ತಾಯಿ ಕುಂದಗನ್ನಡದಲ್ಲಿ ಮಾತಾಡುತ್ತಾಳೆ, ಬ್ರಹ್ಮಾವರದ ಕಡೆ ತುಳುವೂ ಬೆರೆಯುತ್ತದೆ, ಗಂಗೊಳ್ಳಿಯ ಖಾರ್ವಿ ಮನೆಗಳಲ್ಲಿ ಕೊಂಕಣಿ. ಮಗು ರಾತ್ರಿ ಏಕೆ ಅಳುತ್ತದೆ, ಯಾವ ಕಡೆ ಮಲಗಿಸಿದರೆ ಸುಮ್ಮನಾಗುತ್ತದೆ ಎಂಬ ಸೂಕ್ಷ್ಮಗಳು ಅನುವಾದಕರ ಮೂಲಕ ಬರುವುದಿಲ್ಲ.

ವಿದೇಶಕ್ಕೆ ಹೋಗುವವರ ದಾರಿ ಬೇರೆ. ಅಮೆರಿಕದಲ್ಲಿ ಮಕ್ಕಳ ರೆಸಿಡೆನ್ಸಿಗೆ ಸೇರಬೇಕಾದರೆ ಮೊದಲು ಭಾರತದ ಪದವಿಯ ಸಮಾನತೆ ಪರಿಶೀಲನೆಯಾಗಬೇಕು, ರಾಷ್ಟ್ರೀಯ ಪರೀಕ್ಷೆ ಪಾಸಾಗಬೇಕು, ರಾಜ್ಯದ ಪರವಾನಗಿ ಸಿಗಬೇಕು. ವರ್ಷಗಳೂ ಲಕ್ಷಗಳೂ ಖರ್ಚಾಗುವ ದಾರಿ. ಹೋದವರಲ್ಲಿ ಹೆಚ್ಚಿನವರು ಅಲ್ಲೇ ನೆಲೆಸುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ. ಇಲ್ಲಿ ಉಳಿದ ತಜ್ಞರಿಗೆ ತಜ್ಞತೆಗೆ ತಕ್ಕ ಹುದ್ದೆಯಾಗಲಿ ಸಂಬಳವಾಗಲಿ ಸಿಗುವುದು ವಿರಳ. ಜಿಲ್ಲಾ ಕೇಂದ್ರಗಳ ಹುದ್ದೆಗಳು ಸಾಮಾನ್ಯವಾಗಿ ಗುತ್ತಿಗೆಯವು, ವರ್ಷ ವರ್ಷ ನವೀಕರಣಕ್ಕೆ ಕಾಯಬೇಕಾದವು. ಒಬ್ಬರು ಬಿಟ್ಟು ಹೋದರೆ ಅವರು ನೋಡುತ್ತಿದ್ದ ಮಕ್ಕಳ ಪರಿಚಯವೂ ಅವರೊಂದಿಗೇ ಹೋಗುತ್ತದೆ. ರೆಸಿಡೆನ್ಸಿಯ ವರ್ಷಕ್ಕೆ ಬದುಕುವಷ್ಟು ಸ್ಟೈಪೆಂಡ್, ಅದು ಮುಗಿದ ಮೇಲೆ ತಾಲೂಕಿಗೊಂದು ಕಾಯಂ ಮಕ್ಕಳ ಫಿಸಿಯೋಥೆರಪಿಸ್ಟ್ ಹುದ್ದೆ, ಆ ಹುದ್ದೆಗೆ ಆರೋಗ್ಯ ಇಲಾಖೆ ಮತ್ತು ಶಿಕ್ಷಣ ಇಲಾಖೆ ಎರಡೂ ಕಡೆ ಓಡಾಡುವ ಅಧಿಕಾರ, ಈ ಮೂರು ಒಟ್ಟಿಗೆ ಬಂದರೆ ಮಾತ್ರ ತರಬೇತಿ ಪಡೆದವರು ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಉಳಿಯುತ್ತಾರೆ.